ರಜೆಗೆ ಯಾವ ಕಾದಂಬರಿ? ಹೆಸರಿಗಿಂತ ಮೊದಲು ಹೊತ್ತು ನೋಡಿ

ದಸರಾ ರಜೆಯೋ ಬೇಸಿಗೆ ರಜೆಯೋ ಹತ್ತಿರ ಬಂತೆಂದರೆ ಪುಸ್ತಕದಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: ‘ಓದೋಕೆ ಒಳ್ಳೇ ಕಾದಂಬರಿ ಯಾವುದಾದ್ರೂ ಹೇಳಿ.’ ಸಿಗುವ ಉತ್ತರವೂ ಬಹುಮಟ್ಟಿಗೆ ಗೊತ್ತಿರುವುದೇ. ಮಲೆಗಳಲ್ಲಿ ಮದುಮಗಳು, ಪರ್ವ, ಕರ್ವಾಲೊ. ಮೂರೂ ಒಳ್ಳೆಯವು ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಮೂರೂ ಒಂದೇ ಬಗೆಯ ರಜೆಗೆ ಒಗ್ಗುವುದಿಲ್ಲ. ಮದುವೆ ಮನೆಗೆ ‘ಮದುಮಗಳು’ ಒಯ್ದವರು ನಲವತ್ತನೇ ಪುಟದ ಮೂಲೆ ಮಡಚಿ ಹಾಗೇ ವಾಪಸು ತರುತ್ತಾರೆ. ಇಡೀ ವಾರ ಕೈ ಖಾಲಿ ಇರುವವರು ತೆಳ್ಳಗಿನ ಪುಸ್ತಕ ಒಯ್ದು, ಮೊದಲ ದಿನ ಮಧ್ಯಾಹ್ನಕ್ಕೇ ಮುಗಿಸಿ, ಉಳಿದ ದಿನ ಮೊಬೈಲ್ ತಿಕ್ಕುತ್ತಾ ಕೂರುತ್ತಾರೆ. ಹಾಗಾಗಿ ಯಾವ ಕಾದಂಬರಿ ದೊಡ್ಡದು ಎಂದು ಕೇಳುವ ಮುಂಚೆ, ಓದುವ ಹೊತ್ತು ಒಟ್ಟಿಗೆ ಸಿಗುತ್ತದೋ ಚೂರುಚೂರಾಗಿ ಸಿಗುತ್ತದೋ ಎಂದು ಕೇಳಿಕೊಳ್ಳುವುದು ವಾಸಿ.

ಮೊದಲು ಸ್ವಲ್ಪ ಲೆಕ್ಕ

ಕನ್ನಡ ಪುಸ್ತಕಗಳ ಒಳಗಿನ ಎರಡನೇ ಎಡಪುಟವನ್ನು ಯಾರೂ ಓದುವುದಿಲ್ಲ. ಬೇಕಾದ ವಿವರವೆಲ್ಲ ಅಲ್ಲೇ ಇರುತ್ತದೆ: ಎಷ್ಟನೇ ಮುದ್ರಣ, ಪುಟ ಎಷ್ಟು, ಆಕಾರ ‘ಡೆಮಿ 1/8’, ಕಾಗದ ‘70 ಜಿ.ಎಸ್.ಎಂ.’ (ಒಂದು ಚದರ ಮೀಟರ್ ಹಾಳೆಯ ತೂಕ 70 ಗ್ರಾಂ). ಡೆಮಿ 1/8 ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಈ ಅಳತೆಯ, ಮಧ್ಯಮ ಗಾತ್ರದ ಅಕ್ಷರದ ಒಂದು ಪುಟಕ್ಕೆ ರೂಢಿಯಿದ್ದವರಿಗೆ ಹತ್ತಿರ ಹತ್ತಿರ ಎರಡು ನಿಮಿಷ ಬೇಕು. ಗಂಟೆಗೆ 30 ಪುಟ. ಅಂದರೆ 100 ಪುಟದ ಕಿರುಕಾದಂಬರಿಗೆ ಮೂರೂವರೆ ಗಂಟೆ, 450 ಪುಟಕ್ಕೆ 15 ಗಂಟೆ, 700 ಪುಟ ದಾಟಿದರೆ 23 ಗಂಟೆಗೂ ಮೇಲೆ. ರಜೆಯಲ್ಲಿ ದಿನಕ್ಕೆ ಮೂರು ಗಂಟೆ ನಿಜವಾಗಿ ಓದುತ್ತೀರಿ ಎಂದಿಟ್ಟುಕೊಂಡರೂ (ಅಷ್ಟು ಓದುವವರು ಕಡಿಮೆ) ಆ ಕೊನೆಯದಕ್ಕೆ ಎಂಟು ದಿನ ಬೇಕು. ಕನ್ನಡ ಓದುವ ರೂಢಿ ತಪ್ಪಿದ್ದರೆ ಮೊದಲ ಎರಡು ದಿನ ಗಂಟೆಗೆ 20 ಪುಟ ಅಂತಲೇ ಹಿಡಿಯಿರಿ. ಅನುಮಾನವಿದ್ದರೆ ಅಂಗಡಿಯಲ್ಲೇ ಎರಡು ಪುಟ ಗಡಿಯಾರ ನೋಡಿಕೊಂಡು ಓದಿ. ಯಾರೂ ಬೈಯುವುದಿಲ್ಲ.

ತೂಕವೂ ಲೆಕ್ಕಕ್ಕೆ ಬರುತ್ತದೆ. 70 ಜಿ.ಎಸ್.ಎಂ. ಕಾಗದದ 600 ಪುಟದ ಡೆಮಿ ಪುಸ್ತಕ ರಟ್ಟು ಸೇರಿ 700 ಗ್ರಾಂ ಹತ್ತಿರ ತೂಗುತ್ತದೆ. ಮಲಗಿ ಎದೆಯ ಮೇಲಿಟ್ಟುಕೊಂಡು ಓದುವವರಿಗೆ ಅರ್ಧ ಗಂಟೆಯಲ್ಲೇ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಹಳೆಯ ಮುದ್ರಣಗಳಲ್ಲಿ ಅಕ್ಷರ ಸಣ್ಣದು, ಸಾಲು ಒತ್ತೊತ್ತು. ಅದೇ ಕಾದಂಬರಿ ಪುಟ ಕಡಿಮೆ ಕಂಡರೂ ಹೊತ್ತು ಕಡಿಮೆ ತೆಗೆದುಕೊಳ್ಳುವುದಿಲ್ಲ.

ವಾರಕ್ಕಿಂತ ಹೆಚ್ಚು ರಜೆ, ಒಂದೇ ಊರಲ್ಲಿ ಇರುವುದು: ಮದುಮಗಳೋ, ಹೆಗ್ಗಡಿತಿಯೋ?

ಕುವೆಂಪು ಅವರ ಎರಡು ಕಾದಂಬರಿಗಳ ನಡುವೆ ಮೂವತ್ತು ವರ್ಷ ಇದೆ. ಕಾನೂರು ಹೆಗ್ಗಡಿತಿ 1936ರದ್ದು, ಮಲೆಗಳಲ್ಲಿ ಮದುಮಗಳು 1967ರದ್ದು. ಎರಡೂ ತೀರ್ಥಹಳ್ಳಿ ಸೀಮೆಯವೇ, ಎರಡೂ ದಪ್ಪವೇ. ಆದರೂ ಓದುವವರಿಂದ ಕೇಳುವ ಕೆಲಸ ಬೇರೆ ಬೇರೆ.

ಹೆಗ್ಗಡಿತಿಗೆ ಒಂದು ನೆಟ್ಟಗಿನ ಬೆನ್ನುಮೂಳೆ ಇದೆ. ಮೈಸೂರಿನಿಂದ ಊರಿಗೆ ಬರುವ ಹೂವಯ್ಯ ಮತ್ತು ರಾಮಯ್ಯ, ಮನೆಯ ಯಜಮಾನ ಚಂದ್ರಯ್ಯಗೌಡರು, ಅವರ ಕೈಹಿಡಿದು ಬಂದ ಸುಬ್ಬಮ್ಮ, ನಡುವೆ ಸೀತೆ. ಯಾರು ಯಾರಿಗೆ ಎದುರು ನಿಂತಿದ್ದಾರೆ ಎಂಬುದು ಮೊದಲ ನೂರು ಪುಟದೊಳಗೇ ತಿಳಿಯುತ್ತದೆ. ಎರಡು ದಿನ ಬಿಟ್ಟು ಮತ್ತೆ ಹಿಡಿದರೂ ಜಾಡು ತಪ್ಪುವುದಿಲ್ಲ. ಹೂವಯ್ಯನ ಚಿಂತನೆಯ ಪುಟಗಳು ಇಂದಿನ ಓದುಗರಿಗೆ ಕೊಂಚ ಉದ್ದ ಅನ್ನಿಸಬಹುದು. ಅಲ್ಲಿ ತುಸು ವೇಗವಾಗಿ ಹೋದರೆ ನಷ್ಟವಿಲ್ಲ.

ಮದುಮಗಳಲ್ಲಿ ಹಾಗೆ ವೇಗವಾಗಿ ಹೋದರೆ ಎಲ್ಲವೂ ಕೈಬಿಡುತ್ತದೆ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುವಲ್ಲಿಂದ ಶುರುವಾಗುವ ಕಥೆ ಒಬ್ಬರ ಹಿಂದೆ ಒಬ್ಬರನ್ನು ಎತ್ತಿಕೊಳ್ಳುತ್ತಾ, ಯಾರನ್ನೂ ನಾಯಕನ ಪೀಠದ ಮೇಲೆ ಕೂರಿಸದೆ ಸಾಗುತ್ತದೆ. ನೂರು ಪುಟದಾಚೆಗೂ ಹೊಸಬರು ಬರುತ್ತಲೇ ಇರುತ್ತಾರೆ. ಬಹಳ ಜನ ಕೈಬಿಡುವುದು ಇಲ್ಲೇ. ಕಾರಣ ಭಾಷೆಯಲ್ಲ, ಮನೆಗಳು. ಯಾರು ಯಾವ ಮನೆಯವರು ಎಂಬುದು ಮರೆತರೆ ಯಾರು ಯಾರಿಗೆ ಹೆದರಬೇಕು, ಯಾರು ಯಾರ ಮುಂದೆ ಕೂರಬಾರದು ಎಂಬುದೂ ಮರೆಯುತ್ತದೆ. ಆ ಕಾಲದ ಮಲೆನಾಡಿನಲ್ಲಿ ಕಥೆ ಹುಟ್ಟುವುದೇ ಅದರಿಂದ.

ಇದಕ್ಕೆ ಉಪಾಯ ಸರಳ. ಪೋಸ್ಟ್‌ಕಾರ್ಡ್ ಅಳತೆಯ ಒಂದು ಚೀಟಿಯಲ್ಲಿ ಐದು ಹೆಸರು ಬರೆದು ಗೆರೆ ಎಳೆಯಿರಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಹೊಸ ಹೆಸರು ಬಂದ ಹಾಗೆಲ್ಲ ಆ ಮನೆಯ ಕೆಳಗೆ ಸೇರಿಸಿ. ಪಕ್ಕದಲ್ಲಿ ಮೂರು ಜೋಡಿ ಪ್ರತ್ಯೇಕವಾಗಿ ಬರೆದಿಡಿ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಇಷ್ಟಿದ್ದರೆ ಮಧ್ಯೆ ಒಂದು ದಿನ ಹಬ್ಬದ ಅಡುಗೆಗೆ ಹೋದರೂ ವಾಪಸು ಬರಬಹುದು. ಮೊದಲ ಎರಡು ಕೂರುವಿಕೆಗಳು ತಲಾ ಎರಡು ಗಂಟೆಯಾದರೂ ಇರಲಿ. ಅರ್ಧರ್ಧ ಗಂಟೆಯಲ್ಲಿ ಶುರು ಮಾಡಿದರೆ ಈ ಕಾದಂಬರಿ ಹತ್ತುವುದೇ ಇಲ್ಲ. ಒಮ್ಮೆ ಹತ್ತಿತೋ, ಪಾದ್ರಿಯ ಬೈಸಿಕಲ್ಲನ್ನು ಊರಿಗೆ ಊರೇ ಬಾಯಿಬಿಟ್ಟು ನೋಡುವ ಪ್ರಸಂಗದಂಥ ಪುಟಗಳನ್ನು ಪಕ್ಕದಲ್ಲಿದ್ದವರಿಗೆ ಓದಿ ಹೇಳದೆ ಇರಲಾಗುವುದಿಲ್ಲ. ಇದನ್ನೇ ರಾತ್ರಿಯಿಡೀ ನಡೆಯುವ ನಾಟಕವಾಗಿ ನೋಡಿದವರಿಗೆ ಪಾತ್ರಗಳ ಮುಖ ಮೊದಲೇ ಸಿಕ್ಕಿರುತ್ತದೆ. ಅವರಿಗೆ ಚೀಟಿ ಬೇಡ.

ಎರಡರಲ್ಲಿ ಒಂದೇ ಅಂದರೆ: ಹತ್ತು ದಿನ, ತಲೆಬಾಗಿಲಲ್ಲಿ ನೆಂಟರ ಕಾಟವಿಲ್ಲ, ಮಳೆಗಾಲ. ಹಾಗಿದ್ದರೆ ಮದುಮಗಳು. ಉಳಿದಂತೆ ಹೆಗ್ಗಡಿತಿ.

ಇದೇ ಅಳತೆಗೆ ಭೈರಪ್ಪನವರ ಪರ್ವವನ್ನೂ (1979) ಹಲವರು ತೂಗಿ ನೋಡುತ್ತಾರೆ. ದಪ್ಪ ನೋಡಿ ಹೆದರುವ ಅಗತ್ಯವಿಲ್ಲ. ಮಹಾಭಾರತದ ಕಥೆ ಮೊದಲೇ ಗೊತ್ತಿರುವುದರಿಂದ ಹೆಸರುಗಳ ಕಷ್ಟ ಇಲ್ಲಿ ಅರ್ಧಕ್ಕಿಳಿಯುತ್ತದೆ. ಒಂದೊಂದು ಭಾಗ ಒಬ್ಬೊಬ್ಬರ ನೆನಪಿನೊಳಗೆ ಕೂರುವುದರಿಂದ ನಿಲ್ಲಿಸುವ ಜಾಗವೂ ಚೆನ್ನಾಗಿ ಸಿಗುತ್ತದೆ. ಕಷ್ಟ ಬೇರೆಡೆ ಇದೆ: ದೇವರು, ವರ, ಪವಾಡ ಎಲ್ಲವನ್ನೂ ಕಳಚಿಟ್ಟ ಕಥೆ ಇದು. ಯುದ್ಧದ ಭಾಗದಲ್ಲಿ ಕೊಳೆತ ಹೆಣದ ವಾಸನೆಯನ್ನೂ ಬಿಡುವುದಿಲ್ಲ. ಹಬ್ಬದ ಊಟದ ನಂತರ ಓದಲು ಕೂತರೆ ಹಿತವಾಗಲಾರದು. ಗೃಹಭಂಗ (1970) ಪುಟದಲ್ಲಿ ಚಿಕ್ಕದು, ಭಾರದಲ್ಲಿ ಹೆಚ್ಚು. ಪ್ಲೇಗಿನ ಕಾಲದ ನಂಜಮ್ಮನ ಸಂಸಾರದ ಕಥೆಯನ್ನು ಮನೆಯಲ್ಲಿ ಸಾವು ನೋವು ನಡೆದು ಹೆಚ್ಚು ದಿನವಾಗಿಲ್ಲದವರ ಕೈಗೆ ಕೊಡಬೇಡಿ.

ಪ್ರಯಾಣಕ್ಕೆ: ಕರ್ವಾಲೊ, ಜುಗಾರಿ ಕ್ರಾಸ್, ಬೆಟ್ಟದ ಜೀವ

ತೇಜಸ್ವಿಯವರ ಹೆಸರು ಪ್ರಯಾಣದ ಪಟ್ಟಿಯಲ್ಲಿ ತಪ್ಪದೆ ಬರುತ್ತದೆ, ಅದು ಸರಿಯೂ ಹೌದು. ಆದರೆ ಕರ್ವಾಲೊ (1980) ಮತ್ತು ಜುಗಾರಿ ಕ್ರಾಸ್ (1994) ಅದಲುಬದಲು ಮಾಡುವಂಥವಲ್ಲ.

ಕರ್ವಾಲೊ ಶುರುವಾಗುವುದು ಜೇನುತುಪ್ಪದ ವ್ಯವಹಾರದಿಂದ. ಮಂದಣ್ಣ, ಅವನ ಮದುವೆಯ ತಾಪತ್ರಯ, ಬಿರಿಯಾನಿ ಕರಿಯಪ್ಪ, ನಾಯಿ ಕಿವಿ. ಮೊದಲರ್ಧ ಊರ ಜನರ ತಮಾಷೆಯಂತೆ ನಿಧಾನ ಸಾಗುತ್ತದೆ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುವ ಭಾಗ ಕೊನೆಗೆ ಬರುತ್ತದೆ. ಆದ್ದರಿಂದ ಇದನ್ನು ತುಂಡು ಮಾಡಿ ಓದುವುದಾದರೆ ಕಾಡಿನ ಭಾಗವನ್ನು ಮಾತ್ರ ಒಂದೇ ಸಲಕ್ಕೆ ಉಳಿಸಿಕೊಳ್ಳಿ. ಬಸ್ಸು ಇಳಿಯುವ ಹೊತ್ತಿಗೆ ಸರಿಯಾಗಿ ಅಲ್ಲಿ ನಿಂತರೆ ಅದರ ಬಿಗಿ ಹಾಳಾಗುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳಿಂದ ಅಜ್ಜಿಯವರೆಗೆ ಒಂದೇ ಪ್ರತಿಯನ್ನು ಮನೆಯಲ್ಲಿ ಸರದಿಯಲ್ಲಿ ಓದಬಹುದಾದ ಕಾದಂಬರಿ ಕನ್ನಡದಲ್ಲಿ ಇದಕ್ಕಿಂತ ಉತ್ತಮವಾದದ್ದು ಸಿಗುವುದು ಕಷ್ಟ.

ಜುಗಾರಿ ಕ್ರಾಸ್‌ನ ಸುರೇಶ, ಗೌರಿ ಏಲಕ್ಕಿ ಮಾರಲು ಹೊರಟ ಕೃಷಿಕ ದಂಪತಿ. ಹೆಚ್ಚುಕಡಿಮೆ ಒಂದು ಹಗಲು ರಾತ್ರಿಯೊಳಗೆ ಎಲ್ಲ ನಡೆದುಹೋಗುತ್ತದೆ. ಓಟ ಜೋರು, ಹಾಗಾಗಿ ಗದ್ದಲದಲ್ಲೂ ಓದಿಸಿಕೊಳ್ಳುತ್ತದೆ. ಪಕ್ಕದ ಸೀಟಿನವರು ಮಾತಾಡುತ್ತಿದ್ದರೂ, ಮಗು ಅಳುತ್ತಿದ್ದರೂ ಕೈಯಿಂದ ಬಿಡಲಾಗದು. ನಡುವೆ ಹಳೆಯ ಕಾವ್ಯವೊಂದರ ಒಗಟಿನ ಎಳೆ ಬಂದಾಗ ಮಾತ್ರ ಒಂದೆರಡು ಪುಟ ನಿಧಾನಿಸಿ. ಅದನ್ನು ಹಾರಿಸಿದವರು ಕೊನೆಯಲ್ಲಿ ‘ಇದೆಲ್ಲಿಂದ ಬಂತು?’ ಎನ್ನುತ್ತಾರೆ. ಎರಡೂ ಓದಿಯಾಗಿದ್ದರೆ 1985ರ ಚಿದಂಬರ ರಹಸ್ಯ ಹಿಡಿಯಿರಿ. ಪತ್ತೇದಾರಿಯ ಹೊದಿಕೆ ಇದ್ದರೂ ಒಳಗಿನ ಊರು ಕೆಡುವ ಕಥೆ ತೀರಾ ಹಗುರವಲ್ಲ.

ಕಾರಂತರ ಬೆಟ್ಟದ ಜೀವವನ್ನು (1943) ಪ್ರಯಾಣದ ಪುಸ್ತಕ ಎಂದು ಯಾರೂ ಸೂಚಿಸುವುದಿಲ್ಲ, ಸೂಚಿಸಬೇಕು. ದಾರಿ ತಪ್ಪಿದ ಒಬ್ಬ ನಿರೂಪಕ ಕುಮಾರ ಪರ್ವತದ ಬುಡದ ಗೋಪಾಲಯ್ಯ, ಶಂಕರಮ್ಮ ದಂಪತಿಯ ಮನೆಯಲ್ಲಿ ಕೆಲವು ದಿನ ಉಳಿಯುತ್ತಾನೆ. ಕಥೆ ಅಷ್ಟೇ. ತೋಟ, ಆನೆ, ಹುಲಿ, ಊಟದ ಒತ್ತಾಯ, ಮನೆಬಿಟ್ಟು ಹೋದ ಮಗನ ಮಾತು. ನೆಂಟರ ಮನೆಯಲ್ಲಿ ಇರುವಾಗ ಓದಿದರೆ ಅದರ ಲಯ ನಿಮ್ಮ ದಿನದ ಲಯಕ್ಕೆ ತಾನಾಗಿ ಕೂಡುತ್ತದೆ. ಬೆಂಗಳೂರು–ಮಂಗಳೂರು ಹಗಲು ರೈಲಿನಲ್ಲಿ ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವಾಗಲಂತೂ ಪುಸ್ತಕದ ಜಾಗವೇ ಕಿಟಕಿಯಾಚೆ ಇರುತ್ತದೆ. ಸುರಂಗ ಬಂದ ಹಾಗೆಲ್ಲ ಓದು ನಿಲ್ಲುವುದೊಂದೇ ತೊಂದರೆ. ಕಾರಂತರದೇ ಮರಳಿ ಮಣ್ಣಿಗೆ ಬೇಕೆಂದರೆ ಅದನ್ನು ಮನೆಯಲ್ಲಿ ಓದಿ. ಮೂರು ತಲೆಮಾರು, ಕಡಲ ದಂಡೆಯ ಕೋಡಿ, ಹೆಂಗಸರ ಮುಗಿಯದ ದುಡಿತ. ಅದಕ್ಕೆ ಕಿಟಕಿಯಾಚೆ ನೋಡುವ ಪುರುಸೊತ್ತು ಇರಬಾರದು.

ರಾತ್ರಿ ಬಸ್ಸಿಗೆ ಯಾವುದನ್ನೂ ಒಯ್ಯಬೇಡಿ. ದೀಪ ಆರಿಸುತ್ತಾರೆ.

ಒಂದೇ ಕೂರುವಿಕೆಗೆ

ಶನಿವಾರ ಭಾನುವಾರದ ನಡುವೆ ಒಂದು ಮಧ್ಯಾಹ್ನ ಮಾತ್ರ ಇದ್ದರೆ ಎರಡು ಹೆಸರು ಸಾಕು. ವಿವೇಕ ಶಾನಭಾಗರ ಘಾಚರ್ ಘೋಚರ್, ಎಂ.ಕೆ. ಇಂದಿರಾ ಅವರ ಫಣಿಯಮ್ಮ (1976). ಎರಡೂ ಸಣ್ಣವು, ಎರಡೂ ಒಂದು ಮನೆಯ ಒಳಗಿನವು. ಸಾಮ್ಯ ಅಲ್ಲಿಗೆ ಮುಗಿಯಿತು.

ಘಾಚರ್ ಘೋಚರ್ ಕಾಫಿ ಹೌಸಿನಲ್ಲಿ ಕೂತ ಒಬ್ಬನ ಮಾತು. ವೇಟರ್ ವಿನ್ಸೆಂಟ್, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದಂತೆ ಬಂದ ದುಡ್ಡು, ಹೊಸ ಮನೆಗೆ ಬಂದ ಹೆಂಡತಿ ಅನಿತಾ. ಹಳೆಯ ಪುಟ್ಟ ಮನೆಯಲ್ಲಿ ಇಡೀ ಸಂಸಾರ ಇರುವೆಗಳ ಮೇಲೆ ಯುದ್ಧ ಸಾರುವ ಪುಟಗಳಿವೆಯಲ್ಲ, ಅಲ್ಲಿ ಗಮನ ಇಟ್ಟು ಓದಿ. ನಗು ಬರುತ್ತದೆ, ಆದರೆ ಆ ಮನೆಯವರು ತಮಗೆ ಬೇಡವಾದದ್ದನ್ನು ಏನು ಮಾಡುತ್ತಾರೆ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ. ಅದನ್ನು ಬರೀ ತಮಾಷೆ ಎಂದು ದಾಟಿದವರಿಗೆ ಕೊನೆಯ ಪುಟ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಇದನ್ನು ಎರಡು ದಿನಕ್ಕೆ ಹಂಚಬೇಡಿ. ಕನ್ನಡ ಓದಲು ಬಾರದ ಸೊಸೆಗೋ ಅಳಿಯನಿಗೋ ಜೊತೆಗೆ ಕೊಡಬೇಕಿದ್ದರೆ ಶ್ರೀನಾಥ್ ಪೇರೂರು ಮಾಡಿದ ಇಂಗ್ಲಿಷ್ ಅನುವಾದ ಎಲ್ಲೆಡೆ ಸಿಗುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಎರಡು ಭಾಷೆಯಲ್ಲಿ ಓದಿ ಜಗಳವಾಡಲು ಹೇಳಿ ಮಾಡಿಸಿದ ಪುಸ್ತಕ.

ಫಣಿಯಮ್ಮನ ಕಥೆ ಬಾಲವಿಧವೆಯೊಬ್ಬಳ ದೀರ್ಘ ಬದುಕು. ಇಲ್ಲಿ ಬಿಗಿ ಇಲ್ಲ, ಅವಸರವೂ ಇಲ್ಲ. ಹಿರಿಯರೊಬ್ಬರು ಮನೆಯ ಹಿಂದಿನವರ ಸುದ್ದಿ ಹೇಳುವ ಧಾಟಿ. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಗಟ್ಟಿಯಾಗಿ ಓದಿ ಹೇಳಲು ಇದು ಎಲ್ಲಕ್ಕಿಂತ ವಾಸಿ. ಗಟ್ಟಿಯಾಗಿ ಓದುವಾಗ ಪುಟಕ್ಕೆ ಮೂರು ನಿಮಿಷ ಹಿಡಿಯಿರಿ. ಊಟದ ನಂತರ ಅರ್ಧ ಗಂಟೆ ಅಂದರೆ ಹತ್ತು ಪುಟ. ಅವರು ನಡುವೆ ತಮ್ಮ ಕಡೆಯ ಕಥೆ ಸೇರಿಸುತ್ತಾರೆ, ಅದಕ್ಕೂ ಹೊತ್ತು ಇಟ್ಟುಕೊಳ್ಳಿ. ತ್ರಿವೇಣಿಯವರ ಶರಪಂಜರವೂ ಚಿಕ್ಕದೇ. ಆದರೆ ಸಿನಿಮಾ (1971) ನೋಡಿದವರು ಕಲ್ಪನಾ ಅವರ ಮುಖವನ್ನು ಬದಿಗಿಟ್ಟು ಓದಬೇಕಾಗುತ್ತದೆ. ಅದೇನು ಸುಲಭವಲ್ಲ.

ಇತಿಹಾಸ ಬೇಕೆನ್ನುವವರಿಗೆ

ಹಂಪಿಗೋ ಚಿತ್ರದುರ್ಗಕ್ಕೋ ಮಡಿಕೇರಿಗೋ ಹೊರಟವರು ಊರಿಗೆ ತಕ್ಕ ಕಾದಂಬರಿ ಕೇಳುತ್ತಾರೆ. ಹಂಪಿಗೆ ವಸುಧೇಂದ್ರರ ತೇಜೋ ತುಂಗಭದ್ರಾ (2019), ದುರ್ಗಕ್ಕೆ ತ.ರಾ.ಸು. ಅವರ ದುರ್ಗಾಸ್ತಮಾನ, ಮಡಿಕೇರಿಗೆ ಮಾಸ್ತಿಯವರ ಚಿಕವೀರ ರಾಜೇಂದ್ರ.

ತೇಜೋ ತುಂಗಭದ್ರಾ ಲಿಸ್ಬನ್ನಿನ ನದಿ ಮತ್ತು ನಮ್ಮ ನದಿಯ ನಡುವೆ ಸರದಿಯಲ್ಲಿ ಓಡಾಡುತ್ತದೆ. ಮೊದಲ ನೂರು ಚಿಲ್ಲರೆ ಪುಟ ಎರಡು ಬೇರೆ ಪುಸ್ತಕ ಓದಿದಂತೆ ಅನ್ನಿಸುವುದು ಸಹಜ. ಗೋವಾದಲ್ಲಿ ಎಳೆಗಳು ಕೂಡುವವರೆಗೆ ತಾಳ್ಮೆ ಬೇಕು. ಈ ಸರದಿಯೇ ಪ್ರವಾಸದಲ್ಲಿ ಅನುಕೂಲ: ಒಂದು ನದಿಯ ಭಾಗ ಮುಗಿದಲ್ಲಿ ಮುಚ್ಚಿಡಬಹುದು. ಯಹೂದಿಗಳ ಮೇಲಿನ ಹಿಂಸೆ, ಸಹಗಮನ, ಒಡೆಯನಿಗಾಗಿ ಪ್ರಾಣ ಕೊಡಲು ಪಣತೊಟ್ಟ ಲೆಂಕರ ಆತ್ಮಾರ್ಪಣೆ ಎಲ್ಲ ನೇರವಾಗಿ ಬರುತ್ತವೆ. ಚಿಕ್ಕ ಮಕ್ಕಳ ಕೈಗೆ ಬೇಡ.

ದುರ್ಗಾಸ್ತಮಾನದ ಕೊನೆ ಎಲ್ಲರಿಗೂ ಗೊತ್ತು. 1779, ಹೈದರಾಲಿ, ಮದಕರಿನಾಯಕ. ಹಾಗಾಗಿ ಮುಂದೇನು ಎಂಬ ಕುತೂಹಲದಿಂದ ಓದುವವರಿಗೆ ಇದು ನಿಧಾನ ಅನ್ನಿಸುತ್ತದೆ. ಮಾತಿನ ಗತ್ತು, ದರ್ಬಾರು, ಒಳಸಂಚು ಬೇಕೆನ್ನುವವರಿಗೆ ಹಬ್ಬ. ಕೋಟೆ ನೋಡುವ ಮೊದಲೇ ಓದಿ ಮುಗಿಸಿ ಹೋಗಿ. ನೋಡಿ ಬಂದು ಓದುವುದಕ್ಕಿಂತ ಅದು ಮೇಲು, ಏಕೆಂದರೆ ಏಳು ಸುತ್ತಿನಲ್ಲಿ ಯಾವ ಬಾಗಿಲ ಮುಂದೆ ನಿಲ್ಲಬೇಕೆಂದು ತಿಳಿದಿರುತ್ತದೆ. ಮಾಸ್ತಿಯವರದ್ದು ತಣ್ಣನೆಯ ಗದ್ಯ. 1834ರಲ್ಲಿ ಕೊಡಗು ಕೈತಪ್ಪಿದ ಬಗೆಯನ್ನು ಅವರು ಯಾರ ಮೇಲೂ ಕೂಗಾಡದೆ ಹೇಳುತ್ತಾರೆ. ಕೆಟ್ಟ ಅರಸನನ್ನೂ ಮನುಷ್ಯನಾಗಿ ನೋಡುವ ಆ ಸಮಾಧಾನ ಮೂರರಲ್ಲಿ ಇದಕ್ಕೇ ಹೆಚ್ಚು. ನಮ್ಮ ಮತವೂ ಇದಕ್ಕೇ.

ಹೆಸರು ಕೇಳಿ ಕೊಂಡು ಕಪಾಟಿನಲ್ಲೇ ಉಳಿಯುವವು

ದೇವನೂರ ಮಹಾದೇವರ ಕುಸುಮಬಾಲೆ ತೆಳ್ಳಗಿದೆ ಎಂದು ಪ್ರಯಾಣಕ್ಕೆ ಒಯ್ಯುವವರು ಬಹಳ. ಪುಟ ಕಡಿಮೆ, ಹೊತ್ತು ಕಡಿಮೆಯಲ್ಲ. ಚಾಮರಾಜನಗರ–ನಂಜನಗೂಡು ಸೀಮೆಯ ಆಡುಮಾತು ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ. ಧಾರವಾಡದವರಿಗೋ ಮಂಗಳೂರಿನವರಿಗೋ ಅರ್ಥವಾಗದ ಸಾಲನ್ನು ಸಣ್ಣ ದನಿಯಲ್ಲಿ ಎರಡು ಸಲ ಓದಿಕೊಂಡರೆ ಮುಕ್ಕಾಲುಪಾಲು ಬಿಡಿಸಿಕೊಳ್ಳುತ್ತದೆ. ಗಂಟೆಗೆ ಹತ್ತು ಹದಿನೈದು ಪುಟ ಸಾಕು. ದಕ್ಷಿಣದವರಿಗೆ ರಾವಬಹಾದ್ದೂರರ ಗ್ರಾಮಾಯಣದಲ್ಲಿ ಇದೇ ಪಾಡು ತಿರುಗುಮುರುಗಾಗಿ ಆಗುತ್ತದೆ, ಮೂವತ್ತು ಪುಟದ ನಂತರ ಕಿವಿ ಒಗ್ಗುತ್ತದೆ.

ಚಿತ್ತಾಲರ ಶಿಕಾರಿಯದು (1979) ಬೇರೆ ತೊಡಕು. ಮುಂಬಯಿಯ ಕಂಪನಿಯಲ್ಲಿ ಕೆಲಸದಿಂದ ಅಮಾನತಾದ ನಾಗಪ್ಪನ ತಲೆಯೊಳಗೇ ಕಥೆ ನಡೆಯುತ್ತದೆ. ಭಾಷೆ ಸರಳ, ಉಸಿರು ಕಟ್ಟುವುದು ಅನುಮಾನದಿಂದ. ಆಫೀಸಿನ ರಾಜಕೀಯದಿಂದ ಬೇಸತ್ತು ರಜೆ ಹಾಕಿದವರು ಇದನ್ನು ಮುಟ್ಟಬಾರದು. ಉಳಿದವರು ದಿನಕ್ಕೆ ಐವತ್ತು ಪುಟದ ಮಿತಿ ಇಟ್ಟುಕೊಂಡರೆ ಚೆನ್ನ.

ಕೊಳ್ಳುವಾಗ

ನವೆಂಬರಿನಲ್ಲಿ ರಾಜ್ಯೋತ್ಸವದ ಹೆಸರಲ್ಲಿ ಅನೇಕ ಅಂಗಡಿಗಳು ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಕೊಡುತ್ತವೆ. ಬೇಸಿಗೆಯ ಓದಿಗೆ ಬೇಕಾದ ದಪ್ಪ ಪುಸ್ತಕಗಳನ್ನು ಆಗಲೇ ತೆಗೆದಿಟ್ಟುಕೊಳ್ಳುವುದು ಜಾಣತನ. ಹೊರನಾಡಿನಲ್ಲಿ ಇರುವವರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇ–ಪುಸ್ತಕ, ಕೇಳುವ ಪುಸ್ತಕ ಎರಡೂ ಸಿಗುತ್ತವೆ. ಕೇಳುವುದಕ್ಕೆ ಸಂಭಾಷಣೆ ಹೆಚ್ಚಿರುವ ಕಾದಂಬರಿಯನ್ನೇ ಆರಿಸಿ. ಪಾತ್ರಗಳ ದಂಡೇ ಇರುವಂಥದ್ದು ಬೇಡ, ಹಿಂದಕ್ಕೆ ತಿರುವಿ ಹೆಸರು ನೋಡುವುದು ಕೇಳುವಾಗ ಆಗದ ಮಾತು.

ಅಚ್ಚಿನ ಪುಸ್ತಕವಾದರೆ ಊರು ಬಿಡುವ ಹಿಂದಿನ ದಿನ ಐದು ನಿಮಿಷ ಕೂತು ಪುಟಸಂಖ್ಯೆಗಳನ್ನು ಸರಸರ ತಿರುವಿ. ಪುಸ್ತಕ ಕಟ್ಟುವುದು ಸಾಮಾನ್ಯವಾಗಿ 16 ಪುಟಗಳ ಒಂದೊಂದು ಫಾರಂ ಆಗಿ. ದಪ್ಪ ಪುಸ್ತಕದಲ್ಲಿ ಒಂದು ಫಾರಂ ಬಿಟ್ಟುಹೋಗಿ 288ರ ನಂತರ 305 ಬರುವುದು, ಇಲ್ಲವೇ ಅದೇ ಹದಿನಾರು ಪುಟ ಎರಡೆರಡು ಸಲ ಸೇರಿಕೊಂಡಿರುವುದು ಅಪರೂಪವೇನಲ್ಲ. ಬಿಲ್ಲು ಇದ್ದರೆ ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ. ಗ್ರಂಥಾಲಯದ ಪ್ರತಿಯಲ್ಲಿ ಮೊದಲ ಮತ್ತು ಕೊನೆಯ ಹಾಳೆಗಳನ್ನು ಮೊದಲು ನೋಡಿ, ಹರಿದುಹೋಗುವುದು ಅವೇ.